ತಾಳೆಯಾಗದ ಮೊತ್ತ

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಈ ಮೂರನ್ನು ಓದುತ್ತಿರುವ ಬಿ.ಎ. ಅಂತಿಮ ವರ್ಷದವಳು. ಅಂಥವಳು ಕಂಪ್ಯೂಟರಿನ ಹೊಟ್ಟೆಯೊಳಗಿನ ಸಂಗತಿಯನ್ನು ಬರೆಯಹೊರಟಿದ್ದಾಳಲ್ಲ ಎಂದು ಗೆಳತಿಯರು ನಕ್ಕರೆ ಅವರದು ತಪ್ಪೆನ್ನಲಾರೆ. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅದೇ ನನ್ನ ಸಂಬಳದ ಬಾಗಿಲಿಗೆ ಬಂದು ಕುಳಿತಿತು. ಆದುದರಿಂದ ವಾಚಕರು, ಮುಖ್ಯವಾಗಿ ಗುರುಗಳು, ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಮ್ಮೂರು ದೊಡ್ಡಬೆಳವಂಗಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ತಂದೆಗೆ ಎರಡು ಎಕರೆ ರಾಗಿಯ ಹೊಲ, ತಾಯಿಗೆ ಎರಡು ಸೀಮೆಹಸು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಬಸ್ಸಿನ ಪಾಸಿಗೂ ಪುಸ್ತಕಕ್ಕೂ ಆಗಲೆಂದು ಎರಡು ವರ್ಷಗಳಿಂದ ಸಂಜೆಯ ಹೊತ್ತು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂಗಡಿ ಯಾವುದು, ಎಲ್ಲಿಯದು ಎಂಬುದು ಬೇಡ. ಅಲ್ಲೊಂದು ಹಳೆಯ ಕಂಪ್ಯೂಟರು. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲವೆಂಬ ಒಂದೇ ಕಾರಣದಿಂದ ಅದಕ್ಕೆ ಲಿನಕ್ಸ್ ಹಾಕಿಸಿದ್ದರು. ವಿದ್ಯಾರ್ಥಿವೇತನದ ಅರ್ಜಿಗಳು, ಅಂಕಪಟ್ಟಿಯ ಪ್ರತಿಗಳು, ಲಗ್ನಪತ್ರಿಕೆಯ ಮಾದರಿಗಳು ಎಲ್ಲವೂ ಅದರ ಎರಡನೆಯ ಡಿಸ್ಕಿನಲ್ಲಿ.

ಹೋದ ಆಷಾಢದ ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ, ಒಂದು ಸಲ ಕೂಗಲೂ ಇಲ್ಲ. ಯಂತ್ರ ಕಣ್ಣು ಮುಚ್ಚಿಯೇ ಬಿಟ್ಟಿತು. ಕರೆಂಟು ಬಂದ ಮೇಲೆ ಎಬ್ಬಿಸಿದರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟು: ಸೂಪರ್‌ಬ್ಲಾಕಿನ ಚೆಕ್‌ಸಮ್ ಸೂಪರ್‌ಬ್ಲಾಕಿಗೆ ತಾಳೆಯಾಗುತ್ತಿಲ್ಲ. ರಿಪೇರಿಯವನು ಮೊದಲೇ ಒಂದು ಏರ್ಪಾಟು ಮಾಡಿಟ್ಟಿದ್ದ; ಯಂತ್ರ ಏಳುವಾಗಲೆಲ್ಲ ಡಿಸ್ಕಿನ ಆರೋಗ್ಯವನ್ನು ಟ್ಯೂನ್‌ಇಟುಎಫ್‌ಎಸ್ ಎಂಬ ಪ್ರೋಗ್ರಾಮಿನಿಂದ ಓದಿಸಿ, ತಕರಾರಿದ್ದರೆ ಕೆಂಪಗೆ ತೋರಿಸುವ ಏರ್ಪಾಟು. ಆತ ಬಂದು ನೋಡಿ, “ಡಿಸ್ಕ್ ಹೋಯ್ತು ಸಾರ್” ಎಂದ. ಹೊಸ ಡಿಸ್ಕು ಬಂತು, 3,200 ರೂಪಾಯಿ.

“ಎಷ್ಟು ಸಲ ಹೇಳಿದೀನಮ್ಮ, ಬ್ಯಾಟರಿ ಕೂಗಿದ ತಕ್ಷಣ ಆಫ್ ಮಾಡು ಅಂತ?”

“ಕೂಗಲೇ ಇಲ್ಲ ಅಣ್ಣ.”

“ನಿಮಗೆ ಫೋನ್ ನೋಡ್ತಾ ಇದ್ರೆ ಕೇಳಿಸೋದೆಲ್ಲಿ!”

ತಿಂಗಳಿಗೆ 800ರಂತೆ ನಾಲ್ಕು ತಿಂಗಳು ಹಿಡಿದುಕೊಳ್ಳುವುದೆಂದು ತೀರ್ಮಾನವಾಯಿತು. ಹಣಕ್ಕಿಂತ ಹೆಚ್ಚಾಗಿ ಆ ಕೊನೆಯ ಮಾತು ನನ್ನನ್ನು ಚುಚ್ಚಿತು.

ಇಲ್ಲಿ ಕಥೆಯನ್ನು ನಿಲ್ಲಿಸಿ, ತಾಳೆಯಾಗಲಿಲ್ಲವೆಂದ ಆ ವಸ್ತು ಏನು ಎಂಬುದನ್ನು ಹೇಳಬೇಕು.

ಡಿಸ್ಕು ಒಂದು ದೊಡ್ಡ ಉಗ್ರಾಣವಿದ್ದಂತೆ. ನಾವು ಇಡುವ ಪತ್ರ, ಚಿತ್ರಗಳೆಲ್ಲ ಮೂಟೆಗಳು. ಯಾವ ಮೂಟೆ ಎಲ್ಲಿದೆ, ಯಾವಾಗ ಬಂದಿತು, ಯಾವ ಅಂಕಣ ಖಾಲಿ ಎಂದು ಬರೆದಿಡಲು ಒಂದು ದಫ್ತರವಿಲ್ಲದಿದ್ದರೆ ಉಗ್ರಾಣ ತುಂಬಿದ್ದೂ ಒಂದೆ, ಸುಟ್ಟುಹೋದದ್ದೂ ಒಂದೆ. ಈ ದಫ್ತರಕ್ಕೆ ಮೆಟಾಡೇಟಾ ಎನ್ನುತ್ತಾರೆ. ದಫ್ತರವನ್ನು ಇಡುವ ಪದ್ಧತಿಗೆ ಫೈಲ್ ಸಿಸ್ಟಂ ಎಂದು ಹೆಸರು. ಲಿನಕ್ಸಿನಲ್ಲಿ ಬಹಳವಾಗಿ ಬಳಕೆಯಲ್ಲಿರುವ ಪದ್ಧತಿ ಎಕ್ಸ್‌ಟಿ4. ದಫ್ತರದ ಮೊದಲ ಪುಟವೇ ಸೂಪರ್‌ಬ್ಲಾಕ್. ಅದು ಬರಿಯ 1,024 ಬೈಟುಗಳ ಪುಟ. ಒಂದು ಬೈಟಿಗೆ ಒಂದು ಇಂಗ್ಲಿಷ್ ಅಕ್ಷರವೆಂದು ಹಿಡಿದರೆ ಒಂದು ಕಾರ್ಡಿನ ಎರಡು ಮಗ್ಗುಲಲ್ಲಿ ಬರೆದು ಮುಗಿಸಬಹುದು. ಆದರೆ ಒಟ್ಟು ಎಷ್ಟು ಅಂಕಣ, ಎಷ್ಟು ಖಾಲಿ, ಕೊನೆಯ ಸಲ ಉಗ್ರಾಣದ ಬಾಗಿಲು ತೆರೆದದ್ದು ಯಾವಾಗ, ಸರಿಯಾಗಿ ಮುಚ್ಚಿತ್ತೆ ಇಲ್ಲವೆ ಎಂಬುದೆಲ್ಲ ಆ ಪುಟದಲ್ಲಿಯೇ. ಇದು ಕೆಟ್ಟರೆ ಮಿಕ್ಕ ದಫ್ತರವನ್ನು ನಂಬುವಂತಿಲ್ಲ.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ಅದಕ್ಕೇ ಚೆಕ್‌ಸಮ್, ಎಂದರೆ ತಾಳೆ ನೋಡುವ ಮೊತ್ತ. ಇದನ್ನು ಕನ್ನಡ ವಿದ್ಯಾರ್ಥಿಗಳಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮ ಹಳೆಯ ಕವಿಗಳು ಇದನ್ನು ಬಹು ಹಿಂದೆಯೇ ಬಳಸುತ್ತಿದ್ದರು, ಬೇರೆ ಉದ್ದೇಶದಿಂದಲಾದರೂ. ಕಂದಪದ್ಯವನ್ನು ತೆಗೆದುಕೊಳ್ಳಿ. ಒಂದನೆಯ ಮತ್ತು ಮೂರನೆಯ ಪಾದಕ್ಕೆ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯ ಮತ್ತು ನಾಲ್ಕನೆಯದಕ್ಕೆ ಐದು ಗಣ. 12, 20, 12, 20. ಒಟ್ಟು 64 ಮಾತ್ರೆ. ಓಲೆಗರಿಯನ್ನು ಪ್ರತಿ ಮಾಡುವ ಲಿಪಿಕಾರ ನಿದ್ದೆಗಣ್ಣಿನಲ್ಲಿ ಒಂದಕ್ಷರ ಬಿಟ್ಟನೆನ್ನಿ. ಸಾವಿರ ವರ್ಷದ ಮೇಲೆ ಸಂಪಾದಕನು ಗಣ ಹಾಕಿ ನೋಡುತ್ತಾನೆ: 63 ಬರುತ್ತದೆ. ಇಲ್ಲಿ ಏನೋ ಕೆಟ್ಟಿದೆಯೆಂದು ಅವನಿಗೆ ಗೊತ್ತಾಗುತ್ತದೆ, ಮೂಲ ಪ್ರತಿ ಕೈಯಲ್ಲಿಲ್ಲದಿದ್ದರೂ! ಇದೇ ಚೆಕ್‌ಸಮ್ಮಿನ ತಿರುಳು. ಆದರೆ ಲಘುವೊಂದರ ಬದಲು ಇನ್ನೊಂದು ಲಘುವನ್ನು ಬರೆದಿದ್ದರೆ ಮಾತ್ರೆ ಸರಿಯಾಗಿಯೇ ಇದ್ದು ತಪ್ಪು ನುಣುಚಿಕೊಳ್ಳುತ್ತದೆ. ಬರಿಯ ಎಣಿಕೆ ಸಾಲದು ಎಂದಾಯಿತು. ಕೂಡುವ ಕ್ರಮ ಹೆಚ್ಚು ಚತುರವಾಗಿರಬೇಕು. ನಮ್ಮೆಲ್ಲರ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಇಂಥ ಚತುರ ತಾಳೆಯ ಅಂಕಿಯೇ. ಡಚ್ ಗಣಿತಜ್ಞ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ಕ್ರಮದ್ದು. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ.

ಡಿಸ್ಕಿನಲ್ಲಿ ಬಳಸುವುದು ಇನ್ನೂ ಬಿಗಿಯಾದದ್ದು. 1961ರಲ್ಲಿ ಪೀಟರ್ಸನ್ ಮತ್ತು ಬ್ರೌನ್ ಎಂಬಿಬ್ಬರು ಬೆಳೆಸಿದ ಸಿಆರ್‌ಸಿ ಎಂಬ ಕ್ರಮದ ವಂಶದ್ದು. ಇಡೀ ಪುಟವನ್ನು ಒಂದೇ ಮಹಾಸಂಖ್ಯೆಯೆಂದು ಭಾವಿಸಿ, ಗೊತ್ತಾದ ಒಂದು ಭಾಜಕದಿಂದ ವಿಶೇಷ ರೀತಿಯಲ್ಲಿ ಭಾಗಿಸಿ, ಉಳಿದ ಶೇಷವನ್ನು ಪುಟದ ಕೊನೆಗೆ ಬರೆಯುವುದು. ಸೂಪರ್‌ಬ್ಲಾಕಿನಲ್ಲಿ ಮೊದಲ 1,020 ಬೈಟು ವಿಷಯ, ಕೊನೆಯ 4 ಬೈಟು ಶೇಷ. ಈ 4 ಬೈಟಿನಲ್ಲಿ ಸುಮಾರು 429 ಕೋಟಿ ಬೇರೆ ಬೇರೆ ಶೇಷಗಳಿಗೆ ಅವಕಾಶವಿದೆ. ಪುಟ ಹೇಗೆ ಹೇಗೋ ಕೆಟ್ಟು ಆಕಸ್ಮಿಕವಾಗಿ ತಾಳೆಯಾಗಿಬಿಡುವುದು 429 ಕೋಟಿಗೆ ಒಂದು ಸಲ. ಎಕ್ಸ್‌ಟಿ4ರ ದಫ್ತರಕ್ಕೆ ಈ ಕಾವಲು ಬಂದದ್ದು 2012ರಲ್ಲಿ.

ಒಂದು ಮಾತು ಮಾತ್ರ ನೆನಪಿರಲಿ. ತಾಳೆಯಾಗಲಿಲ್ಲವೆಂದರೆ ಪುಟ ತಪ್ಪೋ, ಮೊತ್ತ ತಪ್ಪೋ ಎಂಬುದನ್ನು ಚೆಕ್‌ಸಮ್ ಹೇಳುವುದಿಲ್ಲ. ಎರಡಕ್ಕೂ ಹೊಂದಿಕೆಯಿಲ್ಲ ಎಂದಷ್ಟೆ ಹೇಳುತ್ತದೆ. ರಿಪೇರಿಯವನೂ ಮಾಲೀಕರೂ ನಾನೂ ಮೂವರೂ ಮೊದಲು ಎಡವಿದ್ದು ಇಲ್ಲಿಯೇ.

ದೀಪಾವಳಿಗೆ ಮುಂಚೆ ಮತ್ತೊಂದು ಸಲ ಕರೆಂಟು ಹೋಯಿತು. ಯಂತ್ರ ಎದ್ದಾಗ ಅದೇ ಕೆಂಪು ಸಾಲು! ಹೊಸ ಡಿಸ್ಕು, ಮೂರು ತಿಂಗಳು ತುಂಬಿಲ್ಲ. ಈ ಸಲ ನನಗೆ ಅಳುವಿಗಿಂತ ಕುತೂಹಲ ಹೆಚ್ಚಾಯಿತು. ಎರಡು ಬೇರೆ ಬೇರೆ ಡಿಸ್ಕು ಒಂದೇ ಜಾಗದಲ್ಲಿ, ಒಂದೇ ರೀತಿ, ಅದೂ ಒಂದು ಕಾರ್ಡಿನಷ್ಟು ಜಾಗದಲ್ಲಿ ಮಾತ್ರ ಕೆಡುವುದುಂಟೆ? ಮಾಲೀಕರಿಗೆ ಹೇಳದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಇತಿಹಾಸದ ತರಗತಿಯಲ್ಲಿ ನಮಗೆ ಹೇಳಿಕೊಟ್ಟಿರುವ ಕ್ರಮ ಇದೇ ತಾನೆ? ಶಾಸನ ಸಿಕ್ಕಿದೊಡನೆ ಅದನ್ನು ನಂಬಬೇಡ, ಎಲ್ಲಿ ಸಿಕ್ಕಿತು, ಯಾರು ಬರೆಸಿದರು, ಯಾವಾಗ ಎಂದು ಕೇಳು.

ಕೆಲವು ವಾರದಲ್ಲಿ ನೋಟ್‌ಬುಕ್ಕು ವಿಚಿತ್ರವಾದ ಮಾತು ಹೇಳತೊಡಗಿತು. ಸರಿಯಾಗಿ ಮುಚ್ಚಿ ಮರುದಿನ ತೆರೆದರೆ ಕೆಂಪು ಸಾಲು ಎಂದೂ ಬರುತ್ತಿರಲಿಲ್ಲ. ಕರೆಂಟು ಹೋಗಿ ಬಂದಾಗ ಮಾತ್ರ ಬರುತ್ತಿತ್ತು. ಇಷ್ಟರಿಂದ ಮಾಲೀಕರ ಮಾತೇ ನಿಜವೆಂದಾಗುತ್ತದೆ. ಆದರೆ, ಯಂತ್ರ ಎದ್ದ ಮೇಲೆ ಸುಮ್ಮನೆ ಬಿಟ್ಟು ಮತ್ತೆ ಮತ್ತೆ ಕೇಳಿದರೆ ತಕರಾರು ಹಾಗೆಯೇ ಇರುತ್ತಿತ್ತು. ಯಾವುದಾದರೂ ಬೇಡದ ಫೈಲನ್ನು ಅಳಿಸಿ ಕೇಳಿದರೆ ಮಾಯವಾಗುತ್ತಿತ್ತು! ಹಾಗೆಯೇ, ಡಿಸ್ಕನ್ನು ಬಳಕೆಯಿಂದ ಬಿಡಿಸಿ, ಇಟುಎಫ್‌ಎಸ್‌ಸಿಕೆ ಎಂಬ ಪರೀಕ್ಷಕ ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿದರೆ ಅದು ಒಂದು ದೋಷವನ್ನೂ ತೋರಿಸುತ್ತಿರಲಿಲ್ಲ.

ಮುರಿದ ಕಾಲು ಪಕ್ಕದ ಮನೆಯವರ ಕಸ ಗುಡಿಸಿದರೆ ಕೂಡಿಕೊಳ್ಳುತ್ತದೆಯೆ? ನಿಜವಾಗಿ ಕೆಟ್ಟ ಪುಟ, ಇನ್ನೊಂದು ಫೈಲು ಅಳಿಸಿದುದರಿಂದ ನೆಟ್ಟಗಾಗಲಾರದು. ಎಂದರೆ ಪುಟ ಕೆಟ್ಟೇ ಇಲ್ಲ. ಹಾಗಾದರೆ ತಾಳೆಯೇಕೆ ಆಗಲಿಲ್ಲ?

ಇದರ ಉತ್ತರ ನನಗೆ ಪುಸ್ತಕದಲ್ಲಿ ದೊರೆಯಲಿಲ್ಲ, ಕೊಟ್ಟಿಗೆಯಲ್ಲಿ ದೊರೆಯಿತು. ಒಂದು ರಾತ್ರಿ ಹಸುವಿಗೆ ಹಿಂಡಿ ಕಲಸುತ್ತಿದ್ದ ತಾಯಿಗೆ ಈ ಗೋಳನ್ನೆಲ್ಲ ಹೇಳಿಕೊಂಡೆ. ಡಿಸ್ಕು, ಪುಟ, ಮೊತ್ತ ಎಂದು ನಾನು ಹೇಳಿದುದರಲ್ಲಿ ಅವರು ಹಿಡಿದುಕೊಂಡದ್ದು ಮೊತ್ತವೊಂದನ್ನೇ.

“ನೀನು ಚಿಕ್ಕೋಳಿದ್ದಾಗ ಡೈರೀಲಿ ಹಿಂಗೇ ರಂಪ ಮಾಡಿದ್ದೆಯಲ್ಲೇ,” ಎಂದರು.

ನೆನಪಾಯಿತು. ಈಗ ಹಾಲು ಹಾಕಿದೊಡನೆ ಯಂತ್ರ ಚೀಟಿ ಕೊಡುತ್ತದೆ. ಆಗ ಉದ್ದನೆಯ ಪುಸ್ತಕ. ಎದುರಿಗೆ ಲೀಟರು ಬರೆದು, ಪುಟದ ಕೆಳಗೆ ಆವರೆಗಿನ ಮೊತ್ತವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಹೊಸದು ಬಂದಂತೆ ಹಳೆಯ ಮೊತ್ತವನ್ನು ಅಳಿಸಿ ಹೊಸದನ್ನು ಬರೆಯುವುದು. ನಾನಾಗ ಮೂರನೆಯ ಇಯತ್ತೆ. ಕೂಡುವ ಲೆಕ್ಕ ಹೊಸದಾಗಿ ಬಂದಿತ್ತು. ಅಮ್ಮನ ನಾಲ್ಕು ಲೀಟರನ್ನು ಬರೆದರು, ನಾನು ಬಗ್ಗಿ ಇಣುಕಿದೆ, ಮನಸ್ಸಿನಲ್ಲೇ ಕೂಡಿದೆ, ಕೆಳಗಿನ ಮೊತ್ತ ನಾಲ್ಕು ಕಡಿಮೆಯಿತ್ತು. “ಅಮ್ಮಾ, ಲೆಕ್ಕ ತಪ್ಪು, ನಮ್ಮ ಹಾಲು ಸೇರಿಸಿಲ್ಲ!” ಎಂದು ಎಲ್ಲರೆದುರು ಕೂಗಿದೆ. ಅವರು ನಕ್ಕು, ರಬ್ಬರು ತೆಗೆದುಕೊಂಡು ಹಳೆಯ ಮೊತ್ತವನ್ನು ಅಳಿಸಿ ಹೊಸದನ್ನು ಬರೆದರು. ಸರಿಯಾಗಿಯೇ ಇತ್ತು.

“ಅವರು ಕೂಡೋದು ಮುಗಿಸೋಕೆ ಮುಂಚೆ ನೀನ್ ಇಣುಕಿದ್ರೆ ಪುಸ್ತಕ ಏನ್ ಮಾಡುತ್ತೆ?” ಎಂದರು ತಾಯಿ, ಹಿಂಡಿಯ ಬಕೆಟ್ಟನ್ನು ನನ್ನ ಕೈಗಿಟ್ಟು.

ನಾನು ಬಕೆಟ್ಟು ಹಿಡಿದು ಅಲ್ಲಿಯೇ ನಿಂತೆ. ಡೈರಿಯ ಪುಸ್ತಕದಲ್ಲಿ ತಪ್ಪಿರಲಿಲ್ಲ. ಬರೆದವರದೂ ತಪ್ಪಲ್ಲ. ಓದಿದವಳ ಕೂಡಿಕೆಯೂ ಸರಿಯೇ. ತಪ್ಪಿದ್ದುದು ಹೊತ್ತಿನಲ್ಲಿ. ವಿಷಯ ಬದಲಾಗಿ ಮೊತ್ತ ಇನ್ನೂ ಬದಲಾಗದ ಆ ಸಂದಿಯಲ್ಲಿ ನಾನು ಕಣ್ಣು ಹಾಕಿದ್ದೆ.

ಕಂಪ್ಯೂಟರಿನವರು ಇದನ್ನು ರೇಸ್ ಕಂಡಿಷನ್ ಎನ್ನುತ್ತಾರೆ. ಓಟದ ಪೈಪೋಟಿಯ ಸ್ಥಿತಿ. ಎರಡು ಕೈಗಳು ಒಂದೇ ವಸ್ತುವಿನ ಮೇಲೆ ಕೆಲಸ ಮಾಡುವಾಗ, ಯಾವುದು ಮೊದಲು ತಲಪಿತೆಂಬುದರ ಮೇಲೆ ಫಲ ಬೇರೆಯಾದರೆ ಅದು ಈ ಜಾತಿ. ನಮ್ಮ ದೊಡ್ಡಬಳ್ಳಾಪುರದ ಮಗ್ಗದವರಿಗೆ ಹೊತ್ತಿನ ಈ ಬಿಕ್ಕಟ್ಟು ಚೆನ್ನಾಗಿ ಗೊತ್ತು: ಹಾಸಿನ ಎಳೆಗಳು ಬಾಯಿ ತೆರೆದಿರುವ ಕ್ಷಣದಲ್ಲಿ ಲಾಳಿ ದಾಟಬೇಕು, ಅದು ನಡುವೆ ಇರುವಾಗಲೇ ಬಾಯಿ ಮುಚ್ಚಿದರೆ ಎಳೆಗಳು ಕಿತ್ತುಹೋಗುತ್ತವೆ. ಲಾಳಿಯಲ್ಲೂ ದೋಷವಿಲ್ಲ, ನೂಲಿನಲ್ಲೂ ಇಲ್ಲ.

ಈಗ ನಮ್ಮ ಅಂಗಡಿಯ ಯಂತ್ರಕ್ಕೆ ಬರೋಣ. ಎಕ್ಸ್‌ಟಿ4 ಪದ್ಧತಿಯಲ್ಲಿ ಖಾಲಿ ಅಂಕಣಗಳ ಸಂಖ್ಯೆಯನ್ನು ಪ್ರತಿ ಸಲವೂ ಮೊದಲ ಪುಟಕ್ಕೆ ಏರಿಸುವುದಿಲ್ಲ. ಹಾಗೆ ಮಾಡಿದರೆ ಕೆಲಸ ನಿಧಾನವಾಗುತ್ತದೆ. ಯಂತ್ರವನ್ನು ಸರಿಯಾಗಿ ಮುಚ್ಚುವಾಗ ಮೊದಲ ಪುಟವೂ ನೆಟ್ಟಗಾಗುತ್ತದೆ. ಕರೆಂಟು ಹಠಾತ್ತನೆ ಹೋದರೆ ಪುಟದಲ್ಲಿ ಹಳೆಯ ಸಂಖ್ಯೆಯೇ ನಿಲ್ಲುತ್ತದೆ. ಇದರಿಂದ ನಷ್ಟವೇನೂ ಇಲ್ಲ; ಎದ್ದೊಡನೆ ಲಿನಕ್ಸು ಒಳಪುಟಗಳನ್ನು ನೋಡಿ ಖಾಲಿ ಅಂಕಣಗಳನ್ನು ಮತ್ತೆ ಎಣಿಸಿ, ನೆನಪಿನಲ್ಲಿರುವ ಮೊದಲ ಪುಟದ ಪ್ರತಿಯಲ್ಲಿ ಹೊಸ ಸಂಖ್ಯೆಯನ್ನು ಬರೆಯುತ್ತದೆ. ಆದರೆ ಒಂದು ಕಾಲದ ಲಿನಕ್ಸಿನಲ್ಲಿ, ಸಂಖ್ಯೆಯನ್ನು ಬರೆದ ಜಾಗದಲ್ಲಿ ಮೊತ್ತವನ್ನು ಹೊಸದಾಗಿ ಕೂಡುತ್ತಿರಲಿಲ್ಲ. ಪುಟವನ್ನು ಡಿಸ್ಕಿಗೆ ಇಳಿಸುವಾಗ ಹೇಗೂ ಕೂಡುತ್ತೇವಲ್ಲ, ಇಲ್ಲೊಂದು ಸಲ ದಂಡಕ್ಕೇಕೆ ಎಂದು ಆ ಹೆಜ್ಜೆಯನ್ನು ತೆಗೆದುಹಾಕಿದ್ದರು. ಡಿಸ್ಕಿಗೆ ಇಳಿಯುವುದು ಮಾತ್ರ ಬಹಳ ಹೊತ್ತಿನ ಮೇಲಾಗಬಹುದು. ಅಷ್ಟರವರೆಗೆ ನೆನಪಿನ ಪ್ರತಿಯಲ್ಲಿ ಹೊಸ ವಿಷಯ, ಹಳೆಯ ಮೊತ್ತ. ಹೊರಗಿನ ಪ್ರೋಗ್ರಾಮೊಂದು ಡಿಸ್ಕನ್ನು ಓದಿಕೊಡು ಎಂದು ಕೇಳಿದರೆ ಲಿನಕ್ಸು ಡಿಸ್ಕಿನವರೆಗೆ ಹೋಗದೆ ಇದೇ ನೆನಪಿನ ಪ್ರತಿಯನ್ನು ಕೊಡುತ್ತದೆ. ರಿಪೇರಿಯವನ ಪ್ರೋಗ್ರಾಮು ಯಂತ್ರ ಎದ್ದ ಮರುಕ್ಷಣವೇ ಓಡಿಹೋಗಿ, ಸಂದಿಯಲ್ಲಿ ಇಣುಕಿ, ಎಲ್ಲರೆದುರು ಕೂಗುತ್ತಿತ್ತು. ಮೂರನೆಯ ಇಯತ್ತೆಯ ನಾನೇ!

ಹೀಗೆ ನೋಡಿದರೆ ನೋಟ್‌ಬುಕ್ಕಿನ ಎಲ್ಲ ಸಾಲುಗಳೂ ತಾಳೆಯಾಗುತ್ತವೆ. ಸರಿಯಾಗಿ ಮುಚ್ಚಿದ್ದರೆ ಮತ್ತೆ ಎಣಿಸಿದಾಗಲೂ ಅದೇ ಸಂಖ್ಯೆ ಬರುತ್ತದೆ, ವಿಷಯ ಬದಲಾಗದ್ದರಿಂದ ಹಳೆಯ ಮೊತ್ತವೇ ಸರಿ, ತಕರಾರಿಲ್ಲ. ಕರೆಂಟು ಹೋಗಿದ್ದರೆ ಸಂಖ್ಯೆ ಬದಲಾಗುತ್ತದೆ; ತಕರಾರು. ಫೈಲು ಅಳಿಸುವಾಗ, ಅಳಿಸುತ್ತಿರುವುದರ ಗುರುತನ್ನು ಲಿನಕ್ಸು ಮೊದಲ ಪುಟದಲ್ಲಿಯೇ ಇಟ್ಟುಕೊಂಡು ಒಡನೆ ಮೊತ್ತವನ್ನೂ ಕೂಡುತ್ತದೆ. ಆದುದರಿಂದ ಅಳಿಸಿದೊಡನೆ ಮಾಯ. ಕರೆಂಟು ಹೋದದ್ದು ನಿಮಿತ್ತ ಮಾತ್ರ. ಅದರಿಂದ ಡಿಸ್ಕಿಗೆ ಏನೂ ಆಗಿರಲಿಲ್ಲ.

ಆದರೆ ಊಹೆ ಎಷ್ಟು ಚೆಂದವಾಗಿದ್ದರೂ ಊಹೆಯೇ. ಈ ಜಾತಿಯ ದೋಷವನ್ನು ಹಿಡಿಯುವುದು ಕಷ್ಟ. ನೋಡಹೋದರೆ ಕಾಣುವುದಿಲ್ಲ, ಬೆನ್ನು ತಿರುಗಿಸಿದರೆ ಕಾಣುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗಕ್ಕೂ ಕೆನಡಾದ ಒಂದು ಭಾಗಕ್ಕೂ ಕತ್ತಲೆ ಕವಿದು ಸುಮಾರು 5 ಕೋಟಿ ಜನ ವಿದ್ಯುತ್ತಿಲ್ಲದೆ ಉಳಿದರು. ಅನೇಕ ಕಾರಣಗಳಿದ್ದವು, ಅವುಗಳಲ್ಲೊಂದು, ಒಹಾಯೋ ಸಂಸ್ಥಾನದ ಒಂದು ನಿಯಂತ್ರಣ ಕೊಠಡಿಯಲ್ಲಿ ಅಪಾಯದ ಗಂಟೆ ಬಾರಿಸಬೇಕಾಗಿದ್ದ ಪ್ರೋಗ್ರಾಮು ಇಂಥದೇ ಪೈಪೋಟಿಗೆ ಸಿಕ್ಕಿ ಸ್ತಬ್ಧವಾದದ್ದು. ಗಂಟೆ ಕೆಟ್ಟಿದೆಯೆಂದೂ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಆ ದೋಷವನ್ನು ಹಿಡಿಯಲು ವಾರಗಟ್ಟಲೆ ಬೇಕಾಯಿತು. ಕೊನೆಗೆ ಹಿಡಿದ ಉಪಾಯ ನನಗೆ ಬಹಳ ಹಿಡಿಸಿತು: ಪ್ರೋಗ್ರಾಮಿನೊಳಗೆ ಬೇಕೆಂದೇ ವಿಳಂಬಗಳನ್ನು ತುರುಕಿದರು. ಕೂದಲೆಳೆಯಷ್ಟಿದ್ದ ಸಂದಿ ಬಾಗಿಲಿನಷ್ಟು ಅಗಲವಾಯಿತು. ಅಪರೂಪಕ್ಕೆ ಬರುತ್ತಿದ್ದುದು ಕರೆದಾಗ ಬರತೊಡಗಿತು.

ನನಗೆ ಲಿನಕ್ಸಿನೊಳಗೆ ಕೈ ಹಾಕುವ ವಿದ್ಯೆಯಿಲ್ಲ. ಆದರೆ ನಮ್ಮ ಸಂದಿ ತಾನಾಗಿಯೇ ಅಗಲವಾಗಿತ್ತಲ್ಲ! ಒಂದು ಹಳೆಯ ಪೆನ್‌ಡ್ರೈವನ್ನು ತಂದು, ಅದರ ಮೇಲೆ ಎಕ್ಸ್‌ಟಿ4 ದಫ್ತರ ಹಾಕಿ, ಅಂಗಡಿಯ ಯಂತ್ರಕ್ಕೆ ಸಿಕ್ಕಿಸಿದೆ. ಕೆಲವು ಫೈಲು ಬರೆದು, ಅವು ಡಿಸ್ಕಿಗೆ ಇಳಿಯುವವರೆಗೆ ಕಾದು, ಕ್ರಮವಾಗಿ ಬಿಡಿಸಿ ಮತ್ತೆ ಸಿಕ್ಕಿಸಿ ಓದಿಸಿದೆ: ತಕರಾರಿಲ್ಲ. ಅದೇ ರೀತಿ ಬರೆದು, ಬಿಡಿಸದೆ ಸರಕ್ಕನೆ ಕಿತ್ತು, ಮತ್ತೆ ಸಿಕ್ಕಿಸಿ ಓದಿಸಿದೆ: ಕೆಂಪು ಸಾಲು! ಒಂದು ಫೈಲನ್ನು ಅಳಿಸಿದೆ: ಮಾಯ. ಹೀಗೆ ಕ್ರಮವಾಗಿ ಬಿಡಿಸಿ ಐದು ಸಲ, ಕಿತ್ತು ಐದು ಸಲ ಮಾಡಿದೆ. ಒಂದು ಸಲವೂ ಲೆಕ್ಕ ತಪ್ಪಲಿಲ್ಲ. ಬಳಿಕ ಅಟ್ಟದ ಮೇಲೆ ಎಸೆದಿದ್ದ ಹಳೆಯ ಡಿಸ್ಕನ್ನು ಇಳಿಸಿ, ಧೂಳು ಒರೆಸಿ, ಬಳಕೆಗೆ ತೆರೆಯದೆಯೇ ಪರೀಕ್ಷಕದಿಂದ ಓದಿಸಿದೆ. ಮೊದಲ ಪುಟದ ಮೊತ್ತ ಸರಿಯಾಗಿತ್ತು. ಅಂಕಪಟ್ಟಿಗಳೆಲ್ಲ ಇದ್ದವು. ಲಗ್ನಪತ್ರಿಕೆಗಳೂ ಇದ್ದವು.

ಇದು ನನ್ನದೇ ಶೋಧವೆಂದು ಎರಡು ದಿನ ಹಿಗ್ಗಿದ್ದೆ. ಲಿನಕ್ಸಿನ ಬದಲಾವಣೆಗಳ ದಾಖಲೆಯನ್ನು ನೋಡಿದ ಮೇಲೆ ಹಿಗ್ಗು ಇಳಿಯಿತು. ಯಾನ್ ಕಾರಾ ಎಂಬ ಎಂಜಿನಿಯರು ಇದನ್ನು 2021ರಲ್ಲಿಯೇ ಸರಿಪಡಿಸಿದ್ದರು. ಎಣಿಸಿದ ಜಾಗದಲ್ಲಿಯೇ ಮೊತ್ತವನ್ನೂ ಕೂಡುವ, ಹಿಂದೆ ತೆಗೆದುಹಾಕಿದ್ದ ಹೆಜ್ಜೆಯನ್ನು ಮತ್ತೆ ಸೇರಿಸಿದ್ದರು, ಅಷ್ಟೆ. ನಮ್ಮ ಅಂಗಡಿಯಲ್ಲಿದ್ದುದು ಅದಕ್ಕೆ ಮುಂಚಿನ, ಯಾರೂ ನವೀಕರಿಸದ ಲಿನಕ್ಸು.

ಆ ದಾಖಲೆಯಲ್ಲಿಯೇ ಇದರ ಅಣ್ಣತಮ್ಮಂದಿರೂ ಇದ್ದರು, ಕೆಲವರು ನಿಜಕ್ಕೂ ಅಪಾಯದವರು. ಅದೇ ಯಾನ್ ಕಾರಾ 2020ರ ಕೊನೆಯಲ್ಲಿ ಮಾಡಿದ ಒಂದು ತಿದ್ದುಪಡಿಯನ್ನು ನೋಡಿ. ಲಿನಕ್ಸಿನೊಳಗೇ ಎರಡು ಕೈಗಳು ಮೊದಲ ಪುಟವನ್ನು ಒಟ್ಟಿಗೆ ತಿದ್ದಬಹುದಾಗಿತ್ತು. ಒಂದು ಕೈ ಮೊತ್ತವನ್ನು ಕೂಡುತ್ತಾ ಪುಟದ ಅರ್ಧದಲ್ಲಿರುವಾಗ ಇನ್ನೊಂದು ಕೈ ಮೇಲಿನ ಸಾಲನ್ನು ಬದಲಿಸಿಬಿಟ್ಟರೆ, ಬಂದ ಮೊತ್ತ ಹಳೆಯ ಪುಟದ್ದೂ ಅಲ್ಲ, ಹೊಸದರದೂ ಅಲ್ಲ. ಆ ಸುಳ್ಳು ಮೊತ್ತವೇ ಡಿಸ್ಕಿಗೆ ಇಳಿದರೆ? ಆಗ ಕಾವಲುಗಾರನೇ ಮನೆಗೆ ಬೀಗ ಜಡಿದಂತೆ. ಪುಟ ಸರಿಯಿದ್ದರೂ ಲಿನಕ್ಸು ಅದನ್ನು ನಂಬುವುದಿಲ್ಲ. ಪರಿಹಾರವೆಂದರೆ ಬೀಗ, ಇಂಗ್ಲಿಷಿನವರ ಲಾಕ್: ಪುಟವನ್ನು ತಿದ್ದುವುದು, ಮೊತ್ತ ಕೂಡುವುದು ಎರಡೂ ಮುಗಿಯುವವರೆಗೆ ಇನ್ನೊಂದು ಕೈ ಹೊರಗೆ ಕಾಯಬೇಕು. ಈ ವಿಚಾರವನ್ನು ಶಾಸ್ತ್ರೀಯವಾಗಿ ಮೊದಲು ಬಿಡಿಸಿದವರಲ್ಲಿ ಹಾಲೆಂಡಿನ ಡೈಕ್‌ಸ್ಟ್ರಾ ಮುಖ್ಯರು, 1965ರಲ್ಲಿ. ಅವರ ಉಪಕರಣಕ್ಕೆ ಸೆಮಫೋರ್ ಎಂದೇ ಹೆಸರು, ಎಂದರೆ ರೈಲ್ವೆಯ ಕೈಮರ. ನಮ್ಮ ನಾಡಿನ ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂದು ವಿಧಿಸಿದುದರ ಮುಖ್ಯ ಉದ್ದೇಶ ಪಕ್ಷಪಾತವನ್ನು ತಡೆಯುವುದು. ಆದರೂ ಒಂದೇ ಸರ್ವೆ ನಂಬರಿನ ಮೇಲೆ ಎರಡು ಕೈ ಓಡಾಡಿದರೆ ಏನಾದೀತೆಂದು ಯೋಚಿಸಿದಾಗ, ಸರದಿಗೆ ಇನ್ನೊಂದು ಬೆಲೆಯೂ ಇದೆಯೆಂದು ನನಗೆ ತೋರುತ್ತದೆ.

ಬೀಗ ಹಾಕಿದರೂ ಹೊರಗಿನಿಂದ ಇಣುಕುವವರ ಕಾಟ ತಪ್ಪಲಿಲ್ಲ. ಬೀಗವೇನಿದ್ದರೂ ಲಿನಕ್ಸಿನೊಳಗಿನ ಕೈಗಳಿಗೆ. ಟ್ಯೂನ್‌ಇಟುಎಫ್‌ಎಸ್ಸಿನಂಥ ಹೊರಗಿನ ಓದುಗನಿಗೆ ಆ ಬೀಗದ ಅರಿವೇ ಇಲ್ಲ. ತಾಳೆಯಾಗದಿದ್ದರೆ ಕೆಲವು ಸಲ ಮತ್ತೆ ಓದು ಎಂದು ಅಂಥ ಪ್ರೋಗ್ರಾಮುಗಳಿಗೆ ಹೇಳಿಕೊಟ್ಟು ನೋಡಿದರು. ಎಲ್ಲ ಸಲವೂ ಅದು ಸಾಲದಾಯಿತು. ಡಿಸ್ಕಿನ ದಫ್ತರವನ್ನು ಹಿಗ್ಗಿಸುವ ಪ್ರೋಗ್ರಾಮು ಈ ಸಂದಿಗೆ ಸಿಕ್ಕಿ ವಿಫಲವಾಗುತ್ತಿದ್ದುದಕ್ಕೆ, ಎಕ್ಸ್‌ಟಿ4ರ ಮೇಲ್ವಿಚಾರಕರಾದ ಥಿಯೊಡೋರ್ ತ್ಸೊ ಅವರು 2023ರಲ್ಲಿ ಬೇರೊಂದು ದಾರಿ ಹಿಡಿದರು. ನೆನಪಿನ ಪ್ರತಿಯನ್ನು ಕೇಳಬೇಡ, ಡಿಸ್ಕಿನಿಂದಲೇ ನೇರವಾಗಿ ಓದು. ಡಿಸ್ಕಿಗೆ ಇಳಿಯುವ ಪುಟ ಯಾವಾಗಲೂ ವಿಷಯಕ್ಕೂ ಮೊತ್ತಕ್ಕೂ ಹೊಂದಿಕೆಯಾಗಿಯೇ ಇಳಿಯುವಂತೆ ಲಿನಕ್ಸು ನೋಡಿಕೊಳ್ಳುತ್ತದೆ ಎಂಬುದು ತರ್ಕ. ಪೆನ್ಸಿಲಿನ ಪುಸ್ತಕವನ್ನು ಬಿಟ್ಟು ಶಾಯಿಯ ಪುಸ್ತಕವನ್ನು ನೋಡಿದಂತೆ. ಇಷ್ಟು ಸರಳವಾದುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಮೊದಲು ನನಗೆ ಅನ್ನಿಸಿತು. ಅಡುಗೆಮನೆಯ ಕನ್ನಡಕ ಮೂಗಿನ ಮೇಲೆಯೇ ಇರುವುದನ್ನು ಕಂಡವರು ಹಾಗೆನ್ನಬಾರದು.

ಇನ್ನೊಂದು ಸಂಗತಿ ನನಗೆ ಸಂತೋಷ ಕೊಟ್ಟಿತು. ಈ ಎಕ್ಸ್‌ಟಿ4 ರೂಪುಗೊಂಡ 2006ರಿಂದ 2008ರ ಅವಧಿಯಲ್ಲಿ ಅದಕ್ಕೆ ಕೈ ಹಚ್ಚಿದವರಲ್ಲಿ ಐಬಿಎಂ ಸಂಸ್ಥೆಯ ಬೆಂಗಳೂರಿನ ಎಂಜಿನಿಯರುಗಳೂ ಇದ್ದರು. ಫೈಲಿಗೆ ಬೇಕಾದ ಅಂಕಣಗಳನ್ನು ಮುಂಗಡವಾಗಿ ಕಾದಿರಿಸುವ ‘ಫಾಲೊಕೇಟ್’ ಎಂಬ ಸೌಕರ್ಯ 2007ರಲ್ಲಿ ಲಿನಕ್ಸಿಗೆ ಸೇರಿದ್ದು ಅವರಲ್ಲೊಬ್ಬರಾದ ಅಮಿತ್ ಅರೋರಾ ಅವರ ಕೆಲಸದಿಂದ. ನಮ್ಮೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆಗೆ ಬರುವಷ್ಟು ದೂರದಲ್ಲಿ! ಜಗತ್ತಿನ ಎಲ್ಲೆಲ್ಲಿಯೋ ಓಡುತ್ತಿರುವ ದಫ್ತರದ ಕೆಲವು ಸಾಲುಗಳು ಇಲ್ಲಿಯೇ ಬರೆದವು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ, ಇದ್ದರೆ ಒಳ್ಳೆಯದಿತ್ತು.

ಮಾಲೀಕರಿಗೆ ಹೇಳುವುದು ಡಿಸ್ಕಿಗಿಂತ ಕಷ್ಟದ ಕೆಲಸವಾಗಿತ್ತು. ಸೂಪರ್‌ಬ್ಲಾಕು, ಸಿಆರ್‌ಸಿ ಎಂದು ಶುರುಮಾಡಿದರೆ ಗಿರಾಕಿ ಬಂದರೆಂದು ಎದ್ದುಬಿಡುತ್ತಾರೆ. ಒಂದು ಭಾನುವಾರ ಅಂಗಡಿ ಖಾಲಿಯಿದ್ದಾಗ ಪೆನ್‌ಡ್ರೈವನ್ನು ಅವರ ಕೈಗೇ ಕೊಟ್ಟೆ.

“ಕೀಳಿ ಅಣ್ಣ.”

“ಕಿತ್ರೆ ಹಾಳಾಗಲ್ವಾ?”

“ಅದನ್ನೇ ನೋಡೋಣ.”

ಕಿತ್ತರು, ಸಿಕ್ಕಿಸಿದರು, ಕೆಂಪು ಸಾಲು ಬಂತು. ನಾನು ಒಂದು ಫೈಲನ್ನು ಅಳಿಸಿದೆ, ಹೋಯಿತು. ಇನ್ನೊಂದು ಸಲ ತಾವೇ ಮಾಡಿದರು. ಮೂರನೆಯ ಸಲವೂ ಮಾಡಿದರು. ಆಮೇಲೆ ಡೈರಿಯ ಕಥೆ ಹೇಳಿದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ. “ಹಂಗಾದ್ರೆ ಆ 3,200 ದಂಡ ಅಂತೀಯಾ?” ಎಂದರು ಕೊನೆಗೆ. ನಾನೇನೂ ಹೇಳಲಿಲ್ಲ. ಅಷ್ಟರಲ್ಲಿ ನಾಲ್ಕು ಕಂತೂ ಮುಗಿದಿದ್ದವು. ಮುಂದಿನ ತಿಂಗಳ ಸಂಬಳದ ಜೊತೆ 1,600 ಹೆಚ್ಚಿಗೆ ಬಂತು. ಉಳಿದರ್ಧ, ಹೊಸ ಡಿಸ್ಕು ಹೇಗೂ ಬಂದಿದೆಯಲ್ಲ ಎಂಬ ಲೆಕ್ಕಕ್ಕೆ ಹೋಯಿತೆಂದು ಕಾಣುತ್ತದೆ. ಆ ಲೆಕ್ಕ ನನಗೆ ಇನ್ನೂ ತಾಳೆಯಾಗಿಲ್ಲ. ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂದಿದೆ, ಅದು ದೊಡ್ಡ ಗೆಲವು. ಲಿನಕ್ಸನ್ನೂ ನವೀಕರಿಸಿದ್ದಾಯಿತು. ಹಳೆಯ ಡಿಸ್ಕಿಗೆ ಈಗ ಪ್ರತಿದಿನ ರಾತ್ರಿ ಎಲ್ಲದರ ಒಂದು ನಕಲು ಹೋಗುತ್ತದೆ. ರಿಪೇರಿಯವನು ಅಂಟಿಸಿದ್ದ ‘ಕೆಟ್ಟಿದೆ’ ಎಂಬ ಚೀಟಿಯನ್ನು ಮಾತ್ರ ಯಾರೂ ಕಿತ್ತಿಲ್ಲ.

ಪ್ರಯೋಗವನ್ನು ಕಣ್ಣಾರೆ ನೋಡಬೇಕೆನ್ನುವ ಸಹಪಾಠಿಗಳಿಗೂ ಗುರುಗಳಿಗೂ ಒಂದು ವಿಜ್ಞಾಪನೆ. ಆ ಪೆನ್‌ಡ್ರೈವು ನನ್ನ ಚೀಲದಲ್ಲಿಯೇ ಇದೆ, ಹಳೆಯ ಲಿನಕ್ಸಿರುವ ಯಂತ್ರವೊಂದು ದೊರೆತರೆ ತೋರಿಸಬಲ್ಲೆ. ನಿಮ್ಮ ಸ್ವಂತ ಪೆನ್‌ಡ್ರೈವಿನ ಮೇಲೆ, ಅದರಲ್ಲೂ ಒಪ್ಪಿಸಬೇಕಾದ ಪ್ರಬಂಧವಿರುವುದರ ಮೇಲೆ, ದಯವಿಟ್ಟು ಮಾಡಿನೋಡಬೇಡಿ. ಮೊದಲ ಪುಟದ ಮೊತ್ತ ಮರಳಿ ಬರುತ್ತದೆ. ಡಿಸ್ಕಿಗೆ ಇನ್ನೂ ಇಳಿಯದಿದ್ದ ನಿಮ್ಮ ಕೊನೆಯ ಎರಡು ಪುಟ ಬರುವುದಿಲ್ಲ.